ಕಾಯುವ ಶಕ್ತಿ ಇದ್ದವನ ಕಥೆಗೇ ಬೆಲೆ

2024ರ ಏಪ್ರಿಲ್ 11ರಂದು, ವಿಷುವಿಗೆ ಮೂರು ದಿನ ಇರುವಾಗ, ವಿನೀತ್ ಶ್ರೀನಿವಾಸನ್ ನಿರ್ದೇಶನದ ‘ವರ್ಷಂಗಳ್ಕು ಶೇಷಂ’ ಎಂಬ ಮಲಯಾಳ ಚಿತ್ರ ತೆರೆಗೆ ಬಂತು. ‘ವರ್ಷಗಳ ಬಳಿಕ’ ಎಂದು ಅದರ ಅರ್ಥ. ಉತ್ತರ ಕೇರಳದ ಇಬ್ಬರು ಹುಡುಗರು, ಒಬ್ಬನಿಗೆ ಬರೆಯುವ ಹುಚ್ಚು, ಇನ್ನೊಬ್ಬನಿಗೆ ಹಾಡಿನ ಹುಚ್ಚು, ಊರು ಬಿಟ್ಟು ಮದ್ರಾಸಿಗೆ ಹೋಗುತ್ತಾರೆ. ಕೋಡಂಬಾಕದ ಲಾಡ್ಜೊಂದರ ಇಕ್ಕಟ್ಟಿನ ಕೋಣೆಯಲ್ಲಿ ತಮ್ಮಂಥದೇ ಹಲವರ ನಡುವೆ ದಿನ ದೂಡುತ್ತಾರೆ. ಸಿನಿಮಾದವರ ಬಾಗಿಲು ತಟ್ಟುತ್ತಾರೆ, ಜಗಳ ಮಾಡಿಕೊಳ್ಳುತ್ತಾರೆ, ಬೇರೆಯಾಗುತ್ತಾರೆ, ಮುದಿ ವಯಸ್ಸಿಗೆ ಮತ್ತೆ ಕೂಡುತ್ತಾರೆ.

ಕಾಸರಗೋಡು ಜಿಲ್ಲೆಯಲ್ಲಿ ಮಲಯಾಳ ಸಿನಿಮಾ ನೋಡದ ಕನ್ನಡಿಗರಿಲ್ಲ. ಮನೆಯಲ್ಲಿ ತುಳುವೋ ಕನ್ನಡವೋ ಹವ್ಯಕವೋ ಮರಾಟಿಯೋ ಇರಬಹುದು, ಥಿಯೇಟರಿಗೆ ಹೋದರೆ ಎರಡೂ ಭಾಷೆ ನಮ್ಮದೇ. ಹಾಗಾಗಿ ಈ ಚಿತ್ರವನ್ನು ನಮ್ಮವರೂ ನೋಡಿದರು, ನಕ್ಕರು, ಮರೆತರು. ಆದರೆ ಅದು ಎಬ್ಬಿಸುವ ಒಂದು ಪ್ರಶ್ನೆಯನ್ನು ಮರೆಯುವ ಹಾಗಿಲ್ಲ. ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಯ ಹುಡುಗ ಅಥವಾ ಹುಡುಗಿ ಬರೆದು ಬದುಕಬೇಕೆಂದು ಹೊರಟರೆ ಯಾವ ಊರಿನ ಲಾಡ್ಜಿಗೆ ಹೋಗಬೇಕು? ಹೋದ ಮೇಲೆ ಅವರ ಕೈಯಲ್ಲಿರುವ ಕಥೆಯ ಗತಿ ಏನು?

ಕಾಸರಗೋಡಿಗೆ ಎರಡು ರಾಜಧಾನಿಗಳುಂಟು, ಎರಡೂ ದೂರ. ತಿರುವನಂತಪುರ 500 ಕಿಲೋಮೀಟರಿಗಿಂತ ಆಚೆ. ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಹತ್ತಿರವಿರುವುದು ಸುಮಾರು 50 ಕಿಲೋಮೀಟರ್ ದೂರದ ಮಂಗಳೂರು ಮಾತ್ರ. ಮಲಯಾಳ ಸಿನಿಮಾದ ವ್ಯವಹಾರ ಇರುವುದು ಕೊಚ್ಚಿಯಲ್ಲಿ, ಕನ್ನಡದ್ದು ಬೆಂಗಳೂರಿನಲ್ಲಿ. ಒಂದು ಕಾಲದಲ್ಲಿ ಎರಡೂ ಮದ್ರಾಸಿನಲ್ಲಿಯೇ ಇದ್ದವು. ರಾಜಕುಮಾರ್ ಕೂಡ ಬಹುಕಾಲ ಅಲ್ಲಿಯೇ ನೆಲೆಸಿದ್ದರು. ಈಗ ದಾರಿ ಎರಡಾಗಿದೆ. ಕನ್ನಡದಲ್ಲಿ ಬರೆಯುವವನು ಘಟ್ಟ ಹತ್ತಲೇಬೇಕು.

ಹತ್ತಿದ ಮೇಲೆ ಆಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮನೆ ಬಾಡಿಗೆಗೆ ಬೇಕೆಂದರೆ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಅಡ್ವಾನ್ಸ್ ಇಡಬೇಕು. ಅದಿಲ್ಲದವರು ಪೀಜಿಯಲ್ಲಿ ಒಂದು ಮಂಚ ಹಿಡಿಯುತ್ತಾರೆ, ಅಥವಾ ಊರಿನವನ ರೂಮಿನಲ್ಲಿ ಮೂರನೆಯವನೋ ನಾಲ್ಕನೆಯವನೋ ಆಗಿ ಸೇರಿಕೊಳ್ಳುತ್ತಾರೆ. ಹಗಲು ಯಾವುದೋ ಕೆಲಸ, ರಾತ್ರಿ ಬರವಣಿಗೆ. ಹಿಂದೆ ನಮ್ಮ ಕರಾವಳಿಯ ಹುಡುಗರು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದು, ಮೇಜು ಸರಿಸಿ ಅಲ್ಲಿಯೇ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ್ದು ಇದೇ ರೀತಿಯಲ್ಲವೇ? ಕಷ್ಟಪಡುವುದು ನಮ್ಮ ಹುಡುಗರಿಗೆ ಹೊಸತಲ್ಲ. ಕಷ್ಟದ ಬಗ್ಗೆ ಕಣ್ಣೀರು ಹಾಕುವುದು ಈ ಲೇಖನದ ಉದ್ದೇಶವೂ ಅಲ್ಲ. ಇಲ್ಲಿ ನೋಡಬೇಕಾದ್ದು ವ್ಯಾಪಾರವನ್ನು.

ಅಡಿಕೆಯ ಲೆಕ್ಕ

ಅಡಿಕೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ಒಣಗಿಸಿ, ಸುಲಿದು, ಚೀಲ ಕಟ್ಟಿ ಇಟ್ಟುಕೊಳ್ಳುವ ತಾಕತ್ತು ಇದ್ದವನಿಗೆ ಹಳೆ ಅಡಿಕೆಯ ದರ ಸಿಗುತ್ತದೆ. ಮಗಳ ಮದುವೆಯೋ ಸಾಲದ ಕಂತೋ ತಲೆಯ ಮೇಲೆ ಬಂದು ಕೂತವನು ಹೊಸ ಅಡಿಕೆಯನ್ನೇ ಸಿಕ್ಕಿದ ರೇಟಿಗೆ ಕೊಟ್ಟು ಬರುತ್ತಾನೆ. ಇಬ್ಬರ ಅಡಿಕೆಯೂ ಅದೇ ಮಣ್ಣಿನದ್ದು. ಬೆಲೆಯ ವ್ಯತ್ಯಾಸ ಬಂದದ್ದು ಅಡಿಕೆಯ ಗುಣದಿಂದಲ್ಲ, ಕಾಯುವ ಶಕ್ತಿಯಿಂದ.

ಕಥೆಗೂ ಇದೇ ನ್ಯಾಯ. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕೊಡಬೇಕಾದ ಹುಡುಗ, ತನ್ನ ಅಜ್ಜಿಯ ಮನೆಯ ಕಥೆಯನ್ನು ಯಾರೋ ಒಬ್ಬ ನಿರ್ಮಾಪಕನ ಆಫೀಸಿನಲ್ಲಿ ಕೂತು ಬಾಯಲ್ಲಿ ಹೇಳಿಬಿಡುತ್ತಾನೆ. ‘ನೋಡುವ, ಆಮೇಲೆ ಮಾತಾಡುವ’ ಎನ್ನುತ್ತಾರೆ. ಚೀಟಿಯಿಲ್ಲ, ಸಹಿಯಿಲ್ಲ. ಎರಡು ವರ್ಷ ಬಿಟ್ಟು ಅದೇ ಅಜ್ಜಿ, ಅದೇ ಮನೆ ತೆರೆಯ ಮೇಲೆ ಕಂಡರೆ ಯಾರನ್ನು ಕೇಳುವುದು? ಲಾಡ್ಜಿನ ಕೋಣೆ ಕಸಿದುಕೊಳ್ಳುವುದು ನಿದ್ದೆಯನ್ನಲ್ಲ, ಊಟವನ್ನಲ್ಲ. ‘ಇವತ್ತು ಕೊಡುವುದಿಲ್ಲ ಮಾರಾಯ್ರೆ’ ಎಂದು ಹೇಳುವ ಧೈರ್ಯವನ್ನು.

ಹಿಂದಿನವರಿಗೆ ಈ ಧೈರ್ಯ ಎಲ್ಲಿಂದ ಬಂತು ಎಂದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳಿಗೆ ಆಸ್ತಿ ಇತ್ತು. ಅವರು ಊರಿನಲ್ಲಿಯೇ ಕೂತು ಹತ್ತಾರು ಭಾಷೆಗಳನ್ನು ಓದಿದರು, ಬರೆದರು. 1949ರಲ್ಲಿ ಮದ್ರಾಸ್ ಸರಕಾರದ ರಾಷ್ಟ್ರಕವಿ ಗೌರವ ಅವರನ್ನು ಹುಡುಕಿಕೊಂಡು ಬಂತು. ಕಯ್ಯಾರ ಕಿಞ್ಞಣ್ಣ ರೈಗಳಿಗೆ ಪೆರಡಾಲದ ನವಜೀವನ ಹೈಸ್ಕೂಲಿನ ಮಾಸ್ತರಿಕೆ ಇತ್ತು, ಬೇಸಾಯವಿತ್ತು. ಶಾಲೆಯ ಸಂಬಳ ಬಂದರೆ ಪದ್ಯಕ್ಕೆ ಬೆಲೆ ಕಟ್ಟುವ ಗಡಿಬಿಡಿ ಬೇಕಾಗುವುದಿಲ್ಲ. ನೂರು ವರ್ಷ ಬದುಕಿದ ಆ ಕವಿ ಮನೆಯಲ್ಲಿಯೇ ಇದ್ದುಕೊಂಡು ಕನ್ನಡಕ್ಕೂ ಗಡಿ ಹೋರಾಟಕ್ಕೂ ದನಿಯಾದರು. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು. ಕಾರಡ್ಕದಲ್ಲಿ ಹುಟ್ಟಿದ ಕೆ.ವಿ. ತಿರುಮಲೇಶರು ಊರು ಬಿಟ್ಟು ಹೈದರಾಬಾದಿಗೆ ಹೋದರು ನಿಜ. ಹೋದದ್ದು ಅಧ್ಯಾಪನಕ್ಕೆ. ಅಲ್ಲಿಂದಲೇ ಬರೆಯುತ್ತಾ ಹೋಗಿ ‘ಅಕ್ಷಯ ಕಾವ್ಯ’ಕ್ಕೆ 2015ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ಅಂದರೆ ಗಡಿನಾಡಿನ ಕನ್ನಡ ಸಾಹಿತ್ಯದ ಬೆನ್ನೆಲುಬು ಯಾವುದೆಂದು ಕೇಳಿದರೆ ಬಹುಪಾಲು ಅಧ್ಯಾಪಕ ಹುದ್ದೆ ಎಂದರೆ ತಪ್ಪಾಗಲಾರದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವು ಕನ್ನಡ ಶಾಲೆಗಳನ್ನು ಮಕ್ಕಳ ಹಕ್ಕಿನ ದೃಷ್ಟಿಯಿಂದ ನೋಡಿದ್ದೇವೆ, ಅದು ಸರಿಯೇ. ಆದರೆ ಆ ಶಾಲೆಗಳು ಇನ್ನೊಂದು ಕೆಲಸವನ್ನೂ ಸದ್ದಿಲ್ಲದೆ ಮಾಡುತ್ತಿದ್ದವು. ಬರೆಯುವವನಿಗೆ ಊರಿನಲ್ಲಿಯೇ ಅನ್ನ ಕೊಡುತ್ತಿದ್ದವು. ಈಗ ಮಕ್ಕಳ ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಪೋಸ್ಟ್ ಹೋಗುತ್ತದೆ. ಇದ್ದ ಪೋಸ್ಟಿಗೂ ಕನ್ನಡ ಬಾರದವರನ್ನು ಹಾಕಿದರೆಂದು ಮಕ್ಕಳೂ ಪಾಲಕರೂ ಮತ್ತೆ ಮತ್ತೆ ಪ್ರತಿಭಟನೆಗೆ ಇಳಿಯಬೇಕಾಗಿ ಬಂದಿದೆ. ಒಂದು ಕನ್ನಡ ಹುದ್ದೆ ಕಳೆದುಹೋದಾಗ ಒಂದು ಕ್ಲಾಸು ಮಾತ್ರ ಹೋಗುವುದಲ್ಲ. ಊರಿನಲ್ಲಿ ಕೂತು ಕಾಯಬಲ್ಲ ಒಬ್ಬ ಬರಹಗಾರನ ಜಾಗವೂ ಹೋಗುತ್ತದೆ. ಅವನಿಗೆ ಉಳಿಯುವುದು ಲಾಡ್ಜಿನ ದಾರಿ.

ನಮ್ಮ ಕಥೆ, ಯಾರ ಸಿನಿಮಾ?

ಇದರ ಪರಿಣಾಮ ತೆರೆಯ ಮೇಲೆ ಕಾಣಿಸುತ್ತದೆ. ಕಾಸರಗೋಡಿನ ಕನ್ನಡ ಶಾಲೆಯ ಗೋಳನ್ನು ಇಡೀ ಕರ್ನಾಟಕಕ್ಕೆ ಮುಟ್ಟಿಸಿದ ಚಿತ್ರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’. 2018ರ ಆಗಸ್ಟಿನಲ್ಲಿ ಬಿಡುಗಡೆಯಾಗಿ ಚೆನ್ನಾಗಿ ಓಡಿತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಪಡೆಯಿತು. ಅದನ್ನು ಮಾಡಿದ ರಿಷಬ್ ಶೆಟ್ಟಿ ಕುಂದಾಪುರ ಕಡೆಯವರು. ಅವರಿಗೆ ನಾವು ಕೃತಜ್ಞರಾಗಿರಬೇಕು, ನಮ್ಮ ಕೈಯಲ್ಲಿ ಆಗದ್ದನ್ನು ಅವರು ಮಾಡಿದರು. ಆದರೆ ನಮ್ಮ ಶಾಲೆಯ ಕಥೆಯನ್ನು ಹೇಳಲು ನಮ್ಮವರೇ ಒಬ್ಬರು ಯಾಕೆ ಮೊದಲು ಸಿಗಲಿಲ್ಲ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಜಿಲ್ಲೆಯ ದಕ್ಷಿಣ ಭಾಗವನ್ನು ನೋಡಿ. ಕಾಞಂಗಾಡಿನ, ಅಂದರೆ ನಮ್ಮ ಹೊಸದುರ್ಗದ ಸೆನ್ನಾ ಹೆಗ್ಡೆ 2018ರಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂಬ ಕನ್ನಡ ಚಿತ್ರ ಮಾಡಿದರು. ಆಮೇಲೆ ಊರಿಗೆ ಬಂದು, ಊರಿನ ಒಂದು ಮನೆಯ ಒಳಗೂ ಅಂಗಳದಲ್ಲಿಯೂ, ಊರಿನ ಮಲಯಾಳದಲ್ಲಿಯೇ ‘ತಿಂಕಳಾಳ್ಚ ನಿಶ್ಚಯಂ’ ತೆಗೆದರು. ಒಂದು ನಿಶ್ಚಿತಾರ್ಥದ ತಯಾರಿಯ ಕಥೆ, ಅಷ್ಟೆ. ಕೇರಳದ ರಾಜ್ಯ ಪ್ರಶಸ್ತಿಯಲ್ಲಿ ಎರಡನೇ ಅತ್ಯುತ್ತಮ ಚಿತ್ರ, ಅತ್ಯುತ್ತಮ ಕಥೆ. ಆ ಮೇಲೆ ಮಲಯಾಳದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿ. 2022ರಲ್ಲಿ ಬಂದ ‘ನ್ನಾ ತಾನ್ ಕೇಸ್ ಕೊಡ್’ ಕೂಡ ಇದೇ ಜಿಲ್ಲೆಯ ಮಾತು, ಇದೇ ಜಿಲ್ಲೆಯ ಮುಖಗಳನ್ನು ಇಟ್ಟುಕೊಂಡು ಮಾಡಿದ್ದು. ಅದರಲ್ಲಿ ಮ್ಯಾಜಿಸ್ಟ್ರೇಟರಾಗಿ ನಟಿಸಿದ ನಿವೃತ್ತ ಅಧ್ಯಾಪಕ ಪಿ.ಪಿ. ಕುಞಿಕೃಷ್ಣನ್ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಕಾಸರಗೋಡಿನ ಮಲಯಾಳವನ್ನು ಕೇಳಿ ನಗುತ್ತಿದ್ದ ತೆಂಕಣ ಕೇರಳ ಈಗ ಅದನ್ನೇ ದುಡ್ಡು ಕೊಟ್ಟು ಕೇಳುತ್ತಿದೆ.

ಚಂದ್ರಗಿರಿ ಹೊಳೆಯ ತೆಂಕು ದಡದಲ್ಲಿ ಆದದ್ದು ಬಡಗು ದಡದಲ್ಲಿ ಯಾಕೆ ಆಗಬಾರದು? ನಮ್ಮ ಕನ್ನಡಕ್ಕೂ ಒಂದು ರುಚಿಯುಂಟು. ‘ಎಂತ ಮಾಡುದು’ ಎನ್ನುವ ಮಾತನ್ನು ಬೆಂಗಳೂರಿನವರು ತಮಾಷೆಗೆ ಬಳಸುತ್ತಾರೆ. ಅದರೊಳಗೊಂದು ಬದುಕು ಉಂಟೆಂದು ತೋರಿಸಬೇಕಾದವರು ನಾವೇ.

ಸಹಿಯಿಲ್ಲದ ಕಥೆಗಳು

ಕದ್ದ ಕಥೆಯ ಬಗ್ಗೆಯೇ ಒಂದು ಜನಪ್ರಿಯ ಮಲಯಾಳ ಚಿತ್ರ ಉಂಟು. 2005ರ ‘ಉದಯನಾಣ್ ತಾರಂ’. ಸಹಾಯಕ ನಿರ್ದೇಶಕನೊಬ್ಬ ಕಷ್ಟಪಟ್ಟು ಬರೆದ ಚಿತ್ರಕಥೆಯನ್ನು ಗೆಳೆಯನೇ ಕದ್ದು ಸೂಪರ್‌ಸ್ಟಾರ್ ಆಗುತ್ತಾನೆ. ಸಿನಿಮಾದಲ್ಲಿ ಕೊನೆಗೆ ನ್ಯಾಯ ಸಿಗುತ್ತದೆ. ಹೊರಗೆ ಹಾಗೆ ಸಿಗುವುದು ಸುಲಭವಲ್ಲ.

ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣವನ್ನು ಎಲ್ಲ ಬರಹಗಾರರೂ ತಿಳಿದಿರಬೇಕು. ಪ್ರಾಂತೀಯ ಭೇದಭಾವದ ಮೇಲೆ ಅವರು ‘ಹಮ್ ಹಿಂದುಸ್ತಾನಿ’ ಎಂಬ ನಾಟಕ ಬರೆದಿದ್ದರು. ಪಂಜಾಬಿ ಮನೆ, ಮದ್ರಾಸಿ ಮನೆ, ನಡುವೆ ಪ್ರೀತಿ. ದೆಹಲಿಗೆ ಬಂದ ಸಿನಿಮಾದವರಿಗೆ ಅದನ್ನು ಓದಿ ಹೇಳಿದರು. 1956ರಲ್ಲಿ ‘ನ್ಯೂ ಡೆಲ್ಲಿ’ ಎಂಬ ಚಿತ್ರ ಬಂತು, ಅದರಲ್ಲಿಯೂ ಪಂಜಾಬಿ, ಮದ್ರಾಸಿ, ಪ್ರೀತಿ. ಆನಂದ್ ಸುಪ್ರೀಂ ಕೋರ್ಟಿನವರೆಗೆ ಹೋದರು. 1978ರಲ್ಲಿ ತೀರ್ಪು ಬಂತು, ಅವರು ಸೋತರು. ಯೋಚನೆಗೆ, ವಿಷಯಕ್ಕೆ ಹಕ್ಕುಸ್ವಾಮ್ಯವಿಲ್ಲ. ಅದನ್ನು ಬರೆದ ರೀತಿಗೆ ಮಾತ್ರ ಉಂಟು ಎಂದು ನ್ಯಾಯಾಲಯ ಹೇಳಿತು. ಇವತ್ತಿಗೂ ಇಂಥ ಕೇಸುಗಳಲ್ಲಿ ಉಲ್ಲೇಖವಾಗುವುದು ಇದೇ ತೀರ್ಪು. ಬಾಯಲ್ಲಿ ಹೇಳಿದ ಒಂದು ಸಾಲಿನ ಕಥೆಗೆ ಎಷ್ಟು ರಕ್ಷಣೆ ಇದೆಯೆಂದು ಇದರಿಂದ ಊಹಿಸಬಹುದು.

ನಮ್ಮೂರಿನ ಉದಾಹರಣೆಯೂ ಇದೆ. ಕಾಸರಗೋಡಿನಲ್ಲಿ ಹುಟ್ಟಿ ಬೆಳೆದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು ಮನೆಮಾತಾದ ಕಾದಂಬರಿ. 2011ರ ‘ಬ್ಯಾರಿ’ ಚಿತ್ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯನ್ನು ಮರಾಠಿಯ ‘ದೇವೂಳ್’ ಜತೆ ಹಂಚಿಕೊಂಡಾಗ, ತನ್ನ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಳ್ಳಲಾಗಿದೆ ಎಂದು ಆರೋಪಿಸಿ ಸಾರಾ ಕೋರ್ಟಿನ ಮೆಟ್ಟಿಲೇರಿದರು. ಆ ವಿವಾದದ ಒಳಹೊಕ್ಕು ತೀರ್ಮಾನ ಕೊಡುವುದು ಇಲ್ಲಿ ಬೇಡ. ಗಮನಿಸಬೇಕಾದ್ದು ಇಷ್ಟೆ: ಅವರ ಕೈಯಲ್ಲಿ ಅಚ್ಚಾದ ಪುಸ್ತಕ ಇತ್ತು, ಹೆಸರಿತ್ತು, 1994ರಲ್ಲಿ ತಾವೇ ಕಟ್ಟಿದ ಚಂದ್ರಗಿರಿ ಪ್ರಕಾಶನವಿತ್ತು. ಆದುದರಿಂದಲೇ ಇಳಿವಯಸ್ಸಿನಲ್ಲಿಯೂ ಹಕ್ಕು ಕೇಳಿ ನಿಲ್ಲಲು ಸಾಧ್ಯವಾಯಿತು. ಪೀಜಿಯ ಮಂಚದ ಮೇಲೆ ಕೂತ ಇಪ್ಪತ್ತೆರಡರ ಹುಡುಗನಿಗೆ ಇದರಲ್ಲಿ ಯಾವುದುಂಟು?

ಇನ್ನೂ ಹಿಂದೆ ಹೋಗಿ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳನ್ನು ಆಡದ ಯಕ್ಷಗಾನ ಮೇಳ ಯಾವುದು? ಆದರೂ ಆ ಪ್ರಸಂಗಗಳ ಕರ್ತೃ ನಿಜವಾಗಿ ಯಾರೆಂದು ನಮ್ಮ ದೊಡ್ಡ ವಿದ್ವಾಂಸರೇ ವರ್ಷಗಟ್ಟಲೆ ಚರ್ಚಿಸಬೇಕಾಯಿತು. ಈ ನೆಲದಲ್ಲಿ ಕಥೆಗೆ ಬರವಿಲ್ಲ, ಬರವಿರುವುದು ಕಾಗದಕ್ಕೆ.

ಕಾನೂನು ಏನು ಹೇಳುತ್ತದೆ?

ಅಂಗಡಿಯವರು ಬಿಲ್ಲಿಲ್ಲದೆ ಮಾಲು ಕಳಿಸುವುದಿಲ್ಲ. ಬರಹಗಾರರೂ ಇದನ್ನು ಕಲಿಯಬೇಕು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕೃತಿಯ ಹಕ್ಕನ್ನು ಇನ್ನೊಬ್ಬರಿಗೆ ವಹಿಸಬೇಕಾದರೆ ಬರವಣಿಗೆಯಲ್ಲಿ ಇರಬೇಕು, ಸಹಿ ಇರಬೇಕು. ಯಾವ ಹಕ್ಕು, ಎಷ್ಟು ವರ್ಷಕ್ಕೆ, ಯಾವ ಪ್ರದೇಶಕ್ಕೆ, ಎಷ್ಟು ಹಣಕ್ಕೆ ಎಂದು ಬರೆದಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಲೆಕ್ಕ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಇಟ್ಟುಕೊಂಡರೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲವಾದರೆ, ಆ ವಹಿಸಿಕೊಟ್ಟದ್ದೇ ಬಿದ್ದುಹೋಗುತ್ತದೆ. ಹಕ್ಕು ಮಾರಿದ ಮೇಲೂ ‘ಇದನ್ನು ಬರೆದವನು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ ಬರೆದವನಿಗೇ ಇರುತ್ತದೆ.

2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಿನಿಮಾದಲ್ಲಿ ಸೇರಿದ ಸಾಹಿತ್ಯ ಮತ್ತು ಸಂಗೀತದಿಂದ, ಥಿಯೇಟರಿನ ಪ್ರದರ್ಶನ ಬಿಟ್ಟು ಬೇರೆ ಬಗೆಯಲ್ಲಿ ಬರುವ ಆದಾಯದಲ್ಲಿ, ರಾಯಲ್ಟಿಯ ಸಮಪಾಲು ಪಡೆಯುವ ಹಕ್ಕನ್ನು ಬರೆದವನು ಬಿಟ್ಟುಕೊಡುತ್ತೇನೆಂದರೂ ಬಿಟ್ಟುಕೊಡುವ ಹಾಗಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ಟಿವಿ, ಮೊಬೈಲುಗಳಲ್ಲಿ ಸಿನಿಮಾ ನೋಡುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಬಾಡಿಗೆ ಬಾಕಿ ಇರುವ ಹುಡುಗ ಒಬ್ಬನೇ ಹೋಗಿ ‘ಸರ್, ಅಗ್ರಿಮೆಂಟ್ ಮಾಡುವನಾ?’ ಎಂದರೆ ‘ಹಾಗಾದರೆ ನಿಮ್ಮ ಕಥೆ ಬೇಡ’ ಎನ್ನುವುದಕ್ಕೆ ಎಷ್ಟು ಹೊತ್ತು?

ಒಬ್ಬನಿಂದ ಆಗದ್ದು

ಈ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿದಾಗ ಬೆಳೆಗಾರ ಒಬ್ಬೊಬ್ಬನೇ ಚೀಲ ಹೊತ್ತು ಹೋದರೆ ಉಳಿಗಾಲವಿಲ್ಲ ಎಂದು ಅರ್ಥವಾಯಿತು. ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಒಂದೇ ಸಂಘದಲ್ಲಿ ಸೇರಿದರು. 1956ರಲ್ಲಿ ಎಳೆದ ಗೆರೆ ಅಡಿಕೆಗೆ ಅಡ್ಡ ಬರಲಿಲ್ಲ. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯೂ ಆಯಿತು. ಕ್ಯಾಂಪ್ಕೊದ ಬಗ್ಗೆ ದೂರುಗಳಿರಬಹುದು. ಆದರೂ ಖಾಸಗಿಯವರು ದರ ಇಳಿಸಿದಾಗ ‘ಅಲ್ಲಿ ಕೊಡುತ್ತೇನೆ’ ಎನ್ನಲು ಬೆಳೆಗಾರನಿಗೆ ಒಂದು ಬಾಗಿಲು ಇದೆ ಎಂಬುದೇ ದೊಡ್ಡ ಸಂಗತಿ.

ಬರಹಗಾರರ ಸಹಕಾರಿ ಸಂಘವೂ ಕೇರಳಕ್ಕೆ ಹೊಸತಲ್ಲ. 1945ರಲ್ಲಿ ಕೊಟ್ಟಾಯಂನಲ್ಲಿ ಬೆರಳೆಣಿಕೆಯ ಲೇಖಕರು ಸೇರಿ ಸಾಹಿತ್ಯ ಪ್ರವರ್ತಕ ಸಹಕಾರಿ ಸಂಘ ಕಟ್ಟಿದರು. ಲೇಖಕರೇ ಪ್ರಕಾಶಕರಾಗಿ, ನ್ಯಾಶನಲ್ ಬುಕ್ ಸ್ಟಾಲ್ ಮೂಲಕ ಪುಸ್ತಕ ಮಾರಿ, ಒಳ್ಳೆಯ ರಾಯಲ್ಟಿ ಕೊಟ್ಟರು. ಮಲಯಾಳದಲ್ಲಿ ಬರಹಗಾರನಿಗೆ ಸಿಕ್ಕ ಮರ್ಯಾದೆಯಲ್ಲಿ ಈ ಸಂಘದ ಪಾಲು ದೊಡ್ಡದು.

ಕನ್ನಡದವರೂ ಕೂಡಿ ಮಾಡಿದ್ದುಂಟು. ಸಿನಿಮಾದ ಕೆಲಸ ಕಡಿಮೆಯಾದ ಕಾಲದಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆಗೂಡಿ ಊರೂರಿನಲ್ಲಿ ನಾಟಕವಾಡಿ ಹಣ ಸೇರಿಸಿ 1960ರಲ್ಲಿ ‘ರಣಧೀರ ಕಂಠೀರವ’ ಮಾಡಿದರು. ಸಾಗರದ ಹತ್ತಿರದ ಹೆಗ್ಗೋಡು ಎಂಬ ಅಡಿಕೆಯ ಊರಿನಲ್ಲಿ 1949ರಲ್ಲಿ ಶುರುವಾದ ನೀನಾಸಂ, ಕೆ.ವಿ. ಸುಬ್ಬಣ್ಣನವರ ದುಡಿಮೆಯಿಂದ ರಂಗಶಿಕ್ಷಣ ಕೇಂದ್ರವಾಗಿ ಬೆಳೆಯಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪೇಟೆಯ ಹುಡುಗರು ಕಲಿಯಲಿಕ್ಕೆ ಆ ಹಳ್ಳಿಗೆ ಹೋಗುತ್ತಾರೆ.

ಹಾಗಾದರೆ ನಾವು ಮಾಡಬಹುದಾದ್ದು ಏನು? ಕೋಟಿಗಟ್ಟಲೆಯ ಯೋಜನೆ ಬೇಡ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಸ್ಮಾರಕ ‘ಗಿಳಿವಿಂಡು’ ಉಂಟು. ಊರೂರಿನಲ್ಲಿ ವಾಚನಾಲಯಗಳುಂಟು. ಅಲ್ಲಿ ತಿಂಗಳಿಗೊಮ್ಮೆ ಎಳೆಯರ ಕಥೆ, ಚಿತ್ರಕಥೆಗಳನ್ನು ಓದಿಸಿ, ತಾರೀಕು ಹಾಕಿ, ಪ್ರತಿಯೊಂದನ್ನು ಕಡತದಲ್ಲಿ ಇಡಬಹುದು. ಕಥೆ ಯಾವಾಗ ಯಾರದ್ದಾಗಿತ್ತು ಎಂಬುದಕ್ಕೆ ಸಾಕ್ಷಿ ಆದೀತು. ಊರಿನ ವಕೀಲರೊಬ್ಬರು ಮನಸ್ಸು ಮಾಡಿದರೆ ಕನ್ನಡ, ಮಲಯಾಳ ಎರಡರಲ್ಲಿಯೂ ಒಂದು ಮಾದರಿ ಕರಾರುಪತ್ರ ತಯಾರಿಸಲು ಎಷ್ಟು ದಿನ ಬೇಕು? ಇಪ್ಪತ್ತೈದು ಮಂದಿ ಬರಹಗಾರರು ಸೇರಿ ‘ಈ ಪತ್ರಕ್ಕೆ ಸಹಿಯಾಗದೆ ಕಥೆ ಹೇಳುವುದಿಲ್ಲ’ ಎಂದರೆ ಅದೇ ಸಂಘದ ಮೊದಲ ಬಂಡವಾಳ. ಊರಿನ ವ್ಯಾಪಾರಿಗಳು, ತೋಟದವರು ಜಾತ್ರೆಗೆ, ಯಕ್ಷಗಾನದ ಬಯಲಾಟಕ್ಕೆ ಕೊಡುವ ದೇಣಿಗೆಯಲ್ಲಿ ಸ್ವಲ್ಪವನ್ನು ಈ ಕಡೆ ತಿರುಗಿಸಿದರೆ ಒಬ್ಬ ಹುಡುಗಿಗೆ ಆರು ತಿಂಗಳು ಮನೆಯಲ್ಲಿಯೇ ಕೂತು ಬರೆದು ಮುಗಿಸುವ ಅವಕಾಶ ಸಿಗುತ್ತದೆ.

‘ಕಥೆಗೆ ಅಡಿಕೆಯ ಹಾಗೆ ಗ್ರೇಡ್ ಉಂಟಾ? ಅದನ್ನು ತೂಗುವುದುಂಟಾ?’ ಎಂದು ಕೇಳುವವರಿರಬಹುದು. ಇಲ್ಲ, ತೂಗಲಾಗದು. ಕೆಟ್ಟ ಕಥೆಯನ್ನು ಯಾವ ಸಂಘವೂ ಒಳ್ಳೆಯದು ಮಾಡಲಾರದು. ಎಲ್ಲ ಹುಡುಗರನ್ನು ಊರಿನಲ್ಲಿಯೇ ಹಿಡಿದಿಡುವುದೂ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಹೋಗುವವರು ಹೋಗಲಿ, ಬೆಂಗಳೂರು ನೋಡಲಿ, ಕೊಚ್ಚಿ ನೋಡಲಿ, ಲಾಡ್ಜಿನ ಕೋಣೆಯಲ್ಲಿ ನಾಲ್ಕು ಜನರ ಜತೆ ಬದುಕಿ ಕಲಿಯಲಿ. ಹೋಗುವಾಗ ಕೈಯಲ್ಲಿ ಒಂದು ಕರಾರುಪತ್ರ, ಬೆನ್ನ ಹಿಂದೆ ಒಂದು ಸಂಘ, ವಾಪಸು ಬಂದರೆ ಕೂತು ಬರೆಯಲು ಒಂದು ಮೇಜು, ಇಷ್ಟು ಇದ್ದರೆ ಸಾಕು.

ಕನ್ನಡ ಅಧ್ಯಾಪಕರ ಹುದ್ದೆಗಾಗಿ ನಡೆಯುವ ಹೋರಾಟವನ್ನು ಇನ್ನು ಮುಂದೆ ಈ ಕಣ್ಣಿನಿಂದಲೂ ನೋಡಬೇಕು. ಮಕ್ಕಳಿಲ್ಲದೆ ಡಿವಿಷನ್ ಬೀಳದ ಹಾಗೆ ನೋಡಿಕೊಳ್ಳುವುದು ಪಾಲಕರ ಕೈಯಲ್ಲಿದೆ. ಹುದ್ದೆಗೆ ಕನ್ನಡ ಬಲ್ಲವರನ್ನೇ ನೇಮಿಸುವುದು ಸರಕಾರದ ಕೈಯಲ್ಲಿದೆ. ಬರಹಗಾರರ ಸಂಘ ಕಟ್ಟುವುದು ನಮ್ಮದೇ ಕೈಯಲ್ಲಿದೆ, ಅದಕ್ಕೆ ತಿರುವನಂತಪುರದ ಅಪ್ಪಣೆಯೂ ಬೇಡ, ಬೆಂಗಳೂರಿನ ಅನುದಾನವೂ ಬೇಡ. ಗಡಿನಾಡಿನ ಕನ್ನಡ ಸಂಘಸಂಸ್ಥೆಗಳು ಮುಂದಿನ ಮಳೆಗಾಲದೊಳಗೆ ಒಂದು ದಿನ ಸೇರಿ, ಭಾಷಣ ಕಡಿಮೆ ಮಾಡಿ, ಆ ಮಾದರಿ ಕರಾರುಪತ್ರವನ್ನಾದರೂ ಅಚ್ಚು ಹಾಕಿಸಲಿ.